ಹೆಂಡತಿಯ ಬಂಗು, ನನ್ನ ಗಜ್ಜರಿ ವ್ರತ

ಸೊಲ್ಲಾಪುರದಲ್ಲಿ ನನ್ನದೊಂದು ಚಾದರು-ಟವೆಲ್ಲಿನ ಅಂಗಡಿಯಿದೆ. ಮೂವತ್ತು ವರ್ಷದಿಂದ ಅದೇ ಗಾದಿಯ ಮೇಲೆ ಕೂತಿದ್ದೇನೆ. ಯಾವ ಬಟ್ಟೆಯ ಬಣ್ಣ ನಿಲ್ಲುತ್ತದೆ, ಯಾವುದು ಮೊದಲ ನೀರಿಗೇ ಕೈಕೊಡುತ್ತದೆ ಎಂಬುದನ್ನು ಬೆರಳಿಂದ ಉಜ್ಜಿ ಹೇಳಬಲ್ಲೆ. ಚಹಾದ ಕಲೆಗೆ ಏನು ಹಚ್ಚಬೇಕು, ಎಣ್ಣೆಯ ಕಲೆಗೆ ಏನು ಹಚ್ಚಬೇಕು ಎಂದು ಗಿರಾಕಿಗಳು ನನ್ನನ್ನೇ ಕೇಳುತ್ತಾರೆ. ಇಂಥ ಅನುಭವಸ್ಥನಿಗೆ ಹೆಂಡತಿಯ ಕೆನ್ನೆಯ ಮೇಲಿನ ಎರಡು ಕಲೆ ಯಾವ ದೊಡ್ಡ ಮಾತು? ಹಾಗೆಂದು ತಿಳಿದದ್ದೇ ನನ್ನ ಮೊದಲ ತಪ್ಪು.

ಅಲ್ಲ, ಎರಡನೆಯ ತಪ್ಪು. ಮೊದಲನೆಯದು ಬಾಯಿಂದ ಆಗಿತ್ತು.

ಕಳೆದ ಚಳಿಗಾಲದ ಒಂದು ಸಂಜೆ. ಸಂಬಂಧಿಕರ ಮದುವೆಯ ಫೋಟೊಗಳು ಮೊಬೈಲಿಗೆ ಬಂದಿದ್ದವು. ನಾನು ಚಹಾ ಕುಡಿಯುತ್ತ ಒಂದೊಂದೇ ಫೋಟೊ ಸರಿಸುತ್ತಿದ್ದೆ. ಹೆಂಡತಿ ಮಹಾದೇವಿ ಪಕ್ಕದಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಕಾಲೇಜಿಗೆ ಹೋಗುವ ಮಗಳು ಪಲ್ಲವಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು.

“ಈ ಹಸರ ಸೀರಿ ಮುದುಕಿ ಯಾರು? ಬೀಗರ ಕಡ್ಯಾಕೇನು?” ಎಂದು ಕೇಳಿದೆ.

ಪಲ್ಲವಿ ನನ್ನ ಹೆಗಲನ್ನು ಗಟ್ಟಿಯಾಗಿ ಚಿವುಟಿದಳು. “ಪಪ್ಪಾ! ಅದು ಮಮ್ಮಿ!”

ನನ್ನ ಪರವಾಗಿ ಹೇಳಬೇಕಾದದ್ದು ಒಂದಿದೆ. ನಾನು ಕನ್ನಡಕ ಹಾಕಿರಲಿಲ್ಲ. ಅದು ಅಂಗಿಯ ಕಿಸೆಯಲ್ಲಿತ್ತು. ಆದರೆ ಕಿಸೆಯಲ್ಲಿರುವ ಕನ್ನಡಕದಿಂದ ಈವರೆಗೆ ಯಾರ ಸಂಸಾರವೂ ಉಳಿದಿಲ್ಲ!

ಮಹಾದೇವಿ ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಫೋಟೊವನ್ನು ಒಮ್ಮೆ ನೋಡಿ, “ಚಹಾ ಆರತದ, ಕುಡೀರಿ” ಎಂದು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಅಷ್ಟೇ.

ನಾಲ್ಕು ದಿನ ಬಿಟ್ಟು ನೋಡಿದರೆ ಅವಳ ಮೊಬೈಲಿನ ಗುರುತಿನ ಚಿತ್ರದಲ್ಲಿ ಅವಳ ಮುಖ ಇರಲಿಲ್ಲ, ಒಂದು ರಂಗೋಲಿ ಇತ್ತು. ಓಣಿಯ ಹೆಂಗಸರು ಸಂಕ್ರಾಂತಿಯ ಕುಸುರೆಳ್ಳು ಕೊಟ್ಟು ಗುಂಪಿನ ಫೋಟೊ ತೆಗೆಸಿಕೊಳ್ಳುವಾಗ, “ನಾ ತಗೀತೀನಿ, ನೀವ ನಿಂದರ್ರಿ” ಎಂದು ತಾನೇ ಮೊಬೈಲು ಹಿಡಿದು ನಿಂತಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದೆ.

ಅವಳ ಎರಡೂ ಕೆನ್ನೆಯ ಮೇಲೆ ಕಂದು ಬಣ್ಣದ ಬಂಗು ಇತ್ತು. ಯಾವಾಗ ಬಂದಿತ್ತು? ನನಗೆ ಗೊತ್ತಿಲ್ಲ. ಅಂಗಡಿಯ ಚಾದರಿನ ಮೇಲೆ ಸಾಸಿವೆಯಷ್ಟು ಕಲೆ ಬಿದ್ದರೂ ಹಿಡಿಯುವ ಕಣ್ಣು ನನ್ನದು!

ಕ್ಷಮೆ ಕೇಳುವುದು ಸುಲಭವಿತ್ತು. ಆದರೆ ನಮ್ಮ ಮನೆತನದ ಗಂಡಸರು ಸುಲಭದ ಕೆಲಸ ಮಾಡಿದವರಲ್ಲ. ಆ ಬಂಗನ್ನೇ ತೆಗೆಸಿಬಿಡುತ್ತೇನೆ ಎಂದು ಪಣ ತೊಟ್ಟೆ. ಮರುದಿನ ಗಿರಾಕಿಯಿಲ್ಲದ ಹೊತ್ತಿನಲ್ಲಿ ಮೊಬೈಲಿನೊಳಗೆ ಒಬ್ಬ ಮಹಾಶಯ ಸಿಕ್ಕ. ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು. “ಚರ್ಮದ ಹೊಳಪು ಇರುವುದು ಹೊಟ್ಟೆಯಲ್ಲಿ. ಗಜ್ಜರಿ, ಪಪ್ಪಾಯಿ, ಕೆಂಪು ಕುಂಬಳ ಇವನ್ನು ನಲವತ್ತು ದಿನ ತಪ್ಪದೆ ತಿನ್ನಿ. ಖಾರ, ಕರಿದದ್ದು ಮುಟ್ಟಬೇಡಿ. ಎಂಥ ಕಲೆಯಾದರೂ ಮಾಯ!” ಎಂದ. ನಾನು ಅಂಗಡಿಯನ್ನು ಒಂದು ತಾಸು ಮೊದಲೇ ಮುಚ್ಚಿ ಕಾಯಿಪಲ್ಯದ ಬಜಾರಿಗೆ ಹೋಗಿ ಒಂದು ಚೀಲ ಗಜ್ಜರಿ (ನಿಮ್ಮ ಕಡೆಯ ಕ್ಯಾರೆಟ್ಟು), ನಾಲ್ಕು ಪಪ್ಪಾಯಿ, ಮೊಲದಷ್ಟು ದೊಡ್ಡ ಒಂದು ಕುಂಬಳಕಾಯಿ ತಂದು ಅಡಿಗೆಮನೆಯ ನಡುವೆ ಇಳಿಸಿದೆ.

“ಯಾರ ಮನ್ಯಾಗ ಲಗ್ನ ಅದ?” ಎಂದಳು ಮಹಾದೇವಿ.

ನಾನು ಗಂಟಲು ಸರಿಪಡಿಸಿಕೊಂಡು ಘೋಷಿಸಿದೆ. ಇಂದಿನಿಂದ ನಲವತ್ತು ದಿನಗಳ ಕಾಲ ಈ ಮನೆಯಲ್ಲಿ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮೆಣಸಿನಕಾಯಿ ಭಜಿ, ಖಾರಬ್ಯಾಳಿ ಮತ್ತು ಅವುಗಳ ಸಮಸ್ತ ಬಂಧುಬಳಗದವರಿಗೆ ಪ್ರವೇಶವಿಲ್ಲ. ಪ್ರತಿ ಮುಂಜಾನೆ ತಲೆಗೊಂದು ಲೋಟ ಗಜ್ಜರಿ ರಸ. ರಸ ತೆಗೆಯುವವನು ನಾನೇ. ಕಾರಣ, ಆರೋಗ್ಯ.

“ಯಾರ ಆರೋಗ್ಯ?”

“ಎಲ್ಲಾರದೂ.”

ಪಲ್ಲವಿ ಚೀಲದೊಳಗೆ ಇಣುಕಿ, “ಮಲಾ ನಕೋ!” ಎಂದು ಎರಡು ಹೆಜ್ಜೆ ಹಿಂದೆ ಸರಿದಳು. ಅವಳಿಗೆ ಬೇಡವಾದದ್ದೆಲ್ಲ ಮರಾಠಿಯಲ್ಲಿ ಬೇಡವಾಗುತ್ತದೆ. ಶೇಂಗಾ ಹಿಂಡಿಯ ಡಬ್ಬಿಯನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋದಳು.

ಮಹಾದೇವಿ ಮಾತ್ರ ನನ್ನನ್ನೇ ನೋಡಿದಳು. “ನೀವು ಕುಡದ್ರ ನಾನೂ ಕುಡೀತೀನಿ. ನಾ ಒಬ್ಬಾಕಿನೇ ಅಂದ್ರ ಆಗಂಗಿಲ್ಲ.”

“ಕುಡೀತೀನಿ!” ಎಂದೆ. ವೀರಾವೇಶದಿಂದಲೇ ಎಂದೆ.

ಮರುದಿನ ಮುಂಜಾನೆ ಗಜ್ಜರಿ ಹೆಚ್ಚಿ ಮಿಕ್ಸರಿಗೆ ಹಾಕಿದೆ. ನೀರು ಹಾಕಿದೆ. ಗುಂಡಿ ತಿರುಗಿಸಿದೆ. ಮುಚ್ಚಳ ಹಾಕಬೇಕೆಂದು ನೆನಪಾಗುವಷ್ಟರಲ್ಲಿ ಗಜ್ಜರಿ ತಲೆಯ ಮೇಲಿನ ಛತ್ತಿಗೆ ತಲುಪಿತ್ತು. ಗೋಡೆ, ಕ್ಯಾಲೆಂಡರು, ನನ್ನ ಬಿಳಿ ಬನಿಯನ್ನು, ಹಾಲಿನ ಪಾತ್ರೆ ಎಲ್ಲವೂ ಒಂದೇ ಬಣ್ಣ!

ಸಪ್ಪಳ ಕೇಳಿ ಬಂದ ಮಹಾದೇವಿ ಮೇಲೆ ನೋಡಿದಳು. ಕೆಳಗೆ ನೋಡಿದಳು. ಸೆರಗಿನಿಂದ ನನ್ನ ಕಿವಿಯೊಳಗಿನ ಗಜ್ಜರಿ ಒರೆಸುತ್ತ, “ಛತ್ತಿಗೂ ಬಂಗು ಬಂದಿತ್ತೇನ್ರಿ?” ಎಂದಳು.

ನಾನು ಬಂಗಿನ ಮಾತೇ ಎತ್ತಿರಲಿಲ್ಲ! ಒಂದು ದಿನದಲ್ಲೇ ನನ್ನ ಗುಟ್ಟು ಹಿಡಿದಿದ್ದಳು. ನನಗೆ ನಾಚಿಕೆಯಾಯಿತು. ಅವಳು ಹೊಸದಾಗಿ ಗಜ್ಜರಿ ಹೆಚ್ಚಿ ಕೊಟ್ಟು, ಮುಚ್ಚಳದ ಮೇಲೆ ನನ್ನ ಕೈ ಇಟ್ಟು, “ಹಿಂಗ ಒತ್ತಿ ಹಿಡೀರಿ” ಎಂದಳು.

ಹೀಗೆ ವ್ರತ ಶುರುವಾಯಿತು. ಮುಂಜಾನೆ ರಸ. ಮಧ್ಯಾಹ್ನ ಗಜ್ಜರಿ ಕೋಸಂಬರಿ. ಸಂಜೆ ಪಪ್ಪಾಯಿ. ರಾತ್ರಿ ಕುಂಬಳಕಾಯಿ ಪಲ್ಯ. ಶೇಂಗಾ ಹಿಂಡಿಯಿಲ್ಲದ ರೊಟ್ಟಿಯನ್ನು ನೀವು ತಿಂದಿದ್ದೀರೋ ಇಲ್ಲವೋ ನಾನರಿಯೆ. ಸೊಲ್ಲಾಪುರದವನು ಅದನ್ನು ತಿನ್ನುವುದೆಂದರೆ ಬರಿಗಾಲಲ್ಲಿ ಕಾಶಿಗೆ ಹೋದ ಹಾಗೆ. ಆದರೂ ತಪ್ಪಲಿಲ್ಲ. ಮಗಳ ಕೋಣೆಯಿಂದ ಬೆಳ್ಳುಳ್ಳಿ-ಖಾರದ ವಾಸನೆ ತೇಲಿ ಬಂದರೆ ಮೂಗು ಹಿಡಿದು ದೇವರ ನಾಮ ಹೇಳಿಕೊಂಡೆ.

ಎರಡು ವಾರ ಕಳೆದ ಮೇಲೆ ರೊಟ್ಟಿಯ ಬಣ್ಣ ಕೊಂಚ ಕೆಂಪಾದ ಹಾಗೆ ಕಂಡಿತು. “ಈ ಸಲ ಜ್ವಾಳ ಕೆಂಪಗ ಬಂದಾವ ನೋಡು,” ಎಂದೆ. “ರುಚಿನೂ ಸಿಹಿ ಅದ.”

“ಹೂಂ, ಹೊಸ ಜ್ವಾಳ,” ಎಂದಳು ಮಹಾದೇವಿ, ಬೆನ್ನು ತಿರುಗಿಸಿಕೊಂಡೇ. ಬ್ಯಾಳಿಯೂ ಸಿಹಿಯಾಗಿತ್ತು. ಉಪ್ಪಿಟ್ಟೂ ಸಿಹಿಯಾಗಿತ್ತು. ವ್ರತದ ಫಲವಾಗಿ ನನ್ನ ನಾಲಿಗೆಯೇ ಶುದ್ಧವಾಗುತ್ತಿದೆ ಎಂದು ಹೆಮ್ಮೆಪಟ್ಟೆ.

ದಿನಾ ಮುಂಜಾನೆ ನಾನು ರಸ ಕುಡಿದು ಜಳಕ ಮಾಡಿ ಬಂದ ಮೇಲೆ ತಪಾಸಣೆ. ಅವಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದೆ.

“ಏನ್ ಕಾಣಸ್ತು?”

“ಎಡಗಡೀದು ಜ್ವಾಳದ ಕಾಳಿನಷ್ಟು ಕಡಿಮಿ ಆಗ್ಯಾದ.”

“ಬಲಗಡೀದು?”

“ಅದು ಭಾಳ ಹಟಮಾರಿ ಅದ.”

“ಮನ್ಯಾಗ ಯಾರನ್ನೋ ನೋಡಿ ಕಲ್ತದ,” ಎಂದು ನಗುತ್ತಿದ್ದಳು. ನಿಜ ಹೇಳಬೇಕೆಂದರೆ ಎರಡೂ ಕಡೆ ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಅವಳು ನಕ್ಕಾಗ ಬಲಗೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತದೆ ಎಂಬುದನ್ನು ನಾನು ಪೂರ್ತಿ ಮರೆತೇಬಿಟ್ಟಿದ್ದೆ.

ಐದನೆಯ ವಾರ ಅಂಗಡಿಗೆ ಕಂದಲಗಾಂವದ ರೈತನೊಬ್ಬ ಬಂದ. ಮಗಳ ಮದುವೆಗೆ ಚಾದರು ಬೇಕಿತ್ತು. ಒಂದು ಹಳದಿ ಚಾದರು ಅವನ ಮನಸ್ಸಿಗೆ ಬಂತು.

“ಬಣ್ಣ ಬಿಡತದೇನ್ರಿ ಸಾವ್ಕಾರ?”

“ಬಿಟ್ರ ಚಾದರನೂ ನಿಮ್ದು, ಅಂಗಡಿನೂ ನಿಮ್ದ! ನೋಡ್ರಿ ಇಲ್ಲೆ.” ಚಾದರಿನ ಅಂಚನ್ನು ಅಂಗೈಯಲ್ಲಿ ಗಸಗಸ ತಿಕ್ಕಿ, ಅಂಗೈಯನ್ನು ಅವನ ಮುಖದ ಮುಂದೆ ಹಿಡಿದೆ.

ಅಂಗೈ ಹಳದಿಯಾಗಿತ್ತು!

ಅವನು ನನ್ನ ಅಂಗೈ ನೋಡಿದ. ಚಾದರು ನೋಡಿದ. “ಅಂಗಡಿ ನೀವ ಇಟ್ಕೋರಿ ಸಾವ್ಕಾರ,” ಎಂದು ಚಪ್ಪಲಿ ಮೆಟ್ಟಿ ಹೊರಟುಹೋದ.

ನಾನು ಚಾದರು ನೇಯ್ದವರಿಗೆ ಫೋನು ಮಾಡಿ, ಮೂವತ್ತು ವರ್ಷದ ಸ್ನೇಹ ಲೆಕ್ಕಿಸದೆ ಬಾಯಿಗೆ ಬಂದ ಹಾಗೆ ಬೈದೆ. ಅವರು ತಬ್ಬಿಬ್ಬಾಗಿ, “ನಮ್ಮ ಬಣ್ಣ ಹೋಗಂಗಿಲ್ರಿ” ಎಂದು ಆಣೆ ಮಾಡಿದರು. ಅವರು ಹೇಳಿದ್ದು ಸರಿಯೇ ಇತ್ತು. ಆ ಬಣ್ಣ ಹೋಗಲಿಲ್ಲ. ಸಾಬೂನು ಹಚ್ಚಿದೆ, ಲಿಂಬೆಹಣ್ಣು ತಿಕ್ಕಿದೆ, ಸೀಮೆಎಣ್ಣೆ ಸುರಿದುಕೊಂಡೆ. ಊಹೂಂ. ಚಾದರನ್ನು ಮುಟ್ಟದ ಎಡಗೈ ಕೂಡ ಹಳದಿ! ಮನೆಗೆ ಬಂದು ಕಾಲು ತೊಳೆಯುವಾಗ ನೋಡಿದರೆ ಅಂಗಾಲೂ ಹಳದಿ. ಅಂಗಾಲಿನಿಂದ ನಾನು ಯಾವ ಚಾದರನ್ನೂ ಪರೀಕ್ಷಿಸಿರಲಿಲ್ಲ.

ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. ದಿನಾ ನೋಡುವ ಮುಖ ನಿಧಾನವಾಗಿ ಬಣ್ಣ ತಿರುಗಿದರೆ ಗೊತ್ತಾಗುವುದಿಲ್ಲ. ನಾನೂ ಬಾಯಿಬಿಡಲಿಲ್ಲ. ಯಾಕೆಂದರೆ ಮರುದಿನ ಅಕ್ಕಲಕೋಟೆಯಲ್ಲಿ ಮಹಾದೇವಿಯ ತಮ್ಮ ಬಸವರಾಜನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮವಿತ್ತು. ಸೋದರತ್ತೆಯಾದ ಮಹಾದೇವಿಯೇ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ಅವಳು ವಾರದಿಂದ ಅದೇ ಸಡಗರದಲ್ಲಿದ್ದಳು. ಕುಂಚಿಗೆ ಹೊಲಿದಿದ್ದಳು, ಬೆಳ್ಳಿಯ ಕಾಲ್ಗಡಗ ತಂದಿದ್ದಳು. ಅದರ ನಡುವೆ ನನ್ನ ಅಂಗಾಲಿನ ಸುದ್ದಿ ಯಾಕೆ?

ಪಲ್ಲವಿಗೆ ಪರೀಕ್ಷೆಯಿತ್ತು. ನಾವಿಬ್ಬರೇ ಮುಂಜಾನೆಯ ಬಸ್ಸು ಹಿಡಿದು ಅಕ್ಕಲಕೋಟೆಗೆ ಹೋದೆವು. ಬಸವರಾಜ ಭಾವನಾದ ನನ್ನನ್ನು ಮರಾಠಿಯವರ ಹಾಗೆ ದಾಜಿ ಎಂದೇ ಕರೆಯುತ್ತಾನೆ. ಅಂಗಳದ ಬಿಸಿಲಿನಲ್ಲಿ ನಿಂತಿದ್ದ ಅವನು, “ಬರ್ರಿ ದಾಜಿ, ಬರ್ರಿ” ಎಂದು ಎರಡೂ ಕೈ ಚಾಚಿ ಬಂದವನು ಅರ್ಧ ದಾರಿಯಲ್ಲಿ ನಿಂತುಬಿಟ್ಟ.

“ದಾಜಿ, ಮಾರಿ ಯಾಕ ಹಿಂಗಾಗ್ಯಾದ? ಕೈ ತೋರಸ್ರಿ. ಅಯ್ಯಯ್ಯೋ, ಕಾಮಣಿ ಆಗ್ಯಾದ! ಅಕ್ಕಾ, ನೀ ನೋಡೇ ಇಲ್ಲೇನ? ದಾಜಿಗೆ ಕಾಮಣಿ ಆಗ್ಯಾದ!”

ಕಾಮಣಿ ಎಂದರೆ ನಮ್ಮ ಕಡೆ ಅರಿಶಿನ ಕಾಮಾಲೆ, ಲಿವರಿನ ಬೇನೆ. ಆ ಶಬ್ದ ಕೇಳಿದ್ದೇ ಮನೆಯೊಳಗಿದ್ದ ಹೆಂಗಸರೆಲ್ಲ ಹೊರಗೆ ಬಂದರು. ನನ್ನನ್ನು ಹಿಡಿದುಕೊಂಡು ಹೋಗಿ ಪಡಸಾಲೆಯ ಮಂಚದ ಮೇಲೆ ಮಲಗಿಸಿದರು. ಆ ಕ್ಷಣದವರೆಗೆ ನನಗೆ ಏನೂ ಆಗಿರಲಿಲ್ಲ. ಮಲಗಿಸಿದ ಮೇಲೆ ನಾನೇ ನರಳತೊಡಗಿದೆ!

ಕೂಸನ್ನು ನೋಡಲು ಬಂದವರು ಮೊದಲು ನನ್ನನ್ನು ನೋಡಿ ಹೋಗತೊಡಗಿದರು. ತೊಟ್ಟಿಲಿಗಿಂತ ಮಂಚದ ಮುಂದೆ ಹೆಚ್ಚು ಗದ್ದಲ. ಹೋಳಿಗೆ, ಭಜಿ, ಕಟ್ಟಿನ ಸಾರಿನ ಪರಿಮಳ ಮನೆ ತುಂಬಿತ್ತು. ಐದು ವಾರದ ಮೇಲೆ ಭಜಿ ತಿನ್ನುವ ಆಸೆ ಇಟ್ಟುಕೊಂಡು ಬಂದಿದ್ದೆ. “ಕಾಮಣಿ ಆದವ್ರಿಗೆ ಎಣ್ಣಿ ವಿಷ!” ಎಂದು ಬಸವರಾಜನ ಅತ್ತೆ ನನ್ನ ತಾಟನ್ನು ಒಯ್ದರು. ಬದಲಿಗೆ ಅವರು ಪ್ರೀತಿಯಿಂದ ತಂದಿಟ್ಟದ್ದೇನು ಗೊತ್ತೇ? ಒಂದು ತಾಟಿನ ತುಂಬ ಪಪ್ಪಾಯಿ. ಒಂದು ತಂಬಿಗೆ ಗಜ್ಜರಿ ರಸ!

“ಲಿವರಿಗೆ ಇದಕ್ಕಿಂತ ಚಲೋ ಯಾವುದೂ ಇಲ್ರಿ. ಪೂರಾ ಕುಡೀಬೇಕು,” ಎಂದು ಎದುರೇ ಕೂತರು. ಕುಡಿದೆ.

ತೊಟ್ಟಿಲ ಶಾಸ್ತ್ರ ಶುರುವಾಯಿತು. ಕೂಸಿಗೆ ಕಾವ್ಯಾ ಎಂದು ಹೆಸರಿಡುವುದೆಂದು ಮೊದಲೇ ನಿಶ್ಚಯವಾಗಿತ್ತು. ಮಹಾದೇವಿ ತೊಟ್ಟಿಲಿನ ಮೇಲೆ ಬಗ್ಗಿದಳು. ಅವಳ ಮುಖ ಬಿಳಿಚಿಕೊಂಡಿತ್ತು, ಕಣ್ಣು ಮಂಚದ ಕಡೆಗೇ ಇತ್ತು. ಕೂಸಿನ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳಿ ನೆಟ್ಟಗಾದಳು.

“ಏನಂತ ಕರದಿ? ಜೋರಾಗಿ ಹೇಳವ್ವಾ,” ಎಂದರು ಒಬ್ಬ ಮುದುಕಿ.

“ಕಾಮಣಿ,” ಎಂದಳು ಮಹಾದೇವಿ.

ಕಿವಿ ಮಂದವಾಗಿದ್ದ ಮುದುಕಿ, “ಕಾಮಿನಿ! ಚಂದ ಅದ ಹೆಸರು!” ಎಂದು ಚಪ್ಪಾಳೆ ತಟ್ಟಿದರು. ಬಸವರಾಜನ ಹೆಂಡತಿ ಅಳುವುದೋ ನಗುವುದೋ ತಿಳಿಯದೆ ಕೂಸನ್ನು ಅಪ್ಪಿಕೊಂಡಳು. ಮಹಾದೇವಿಗೆ ತಾನು ಹೇಳಿದ್ದು ಆಗ ಅರಿವಾಯಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ನಾನು ಮಂಚದಿಂದ ಎದ್ದು ಹೋಗಿ ಅವಳ ಪಕ್ಕ ನಿಂತೆ. “ನನಗೇನೂ ಆಗಿಲ್ಲ. ಇನ್ನೊಮ್ಮೆ ಕರಿ. ಕಾವ್ಯಾ ಅನ್ನು,” ಎಂದೆ. ಅವಳು ಕಣ್ಣೊರೆಸಿಕೊಂಡು ಮತ್ತೆ ಬಗ್ಗಿ, ಮೂರು ಸಲ ಸರಿಯಾಗಿ ಹೇಳಿದಳು. ಕೂಸು ಆಕಳಿಸಿತು.

ಊಟವಾದದ್ದೇ ಬಸವರಾಜ ನಮ್ಮಿಬ್ಬರನ್ನೂ ಜೀಪಿಗೆ ಹತ್ತಿಸಿದ. ಕುರನೂರದಲ್ಲಿ ಕಾಮಣಿಗೆ ಬೇರಿನ ಮದ್ದು ಕೊಡುವ ಅಜ್ಜನೊಬ್ಬರಿದ್ದಾರಂತೆ. ಬೋರಿ ನದಿಯ ಡ್ಯಾಮು ದಾಟಿ ಹೊಲದ ದಾರಿಯಲ್ಲಿ ಇಳಿದಾಗ ಅಜ್ಜ ಬೇವಿನ ಮರದ ಕೆಳಗೆ ಕೂತು ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ಕೂರಿಸಿ, ಹೆಬ್ಬೆರಳಿನಿಂದ ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಇನ್ನೊಂದು ಕಣ್ಣನ್ನೂ ನೋಡಿದರು. ಹಗ್ಗ ಮತ್ತೆ ಕೈಗೆತ್ತಿಕೊಂಡರು.

“ಕಣ್ಣು ಹಾಲಿನಂಗ ಬೆಳ್ಳಗದಾವ. ಇದು ಕಾಮಣಿ ಅಲ್ಲ. ಇದಕ್ಕ ನನ್ನ ಕಡಿ ಮದ್ದಿಲ್ಲ. ಸೊಲ್ಲಾಪುರಕ್ಕ ಹೋಗಿ ದೊಡ್ಡ ಡಾಕ್ಟರಿಗೆ ತೋರಸ್ರಿ.”

ಅಜ್ಜ ಪ್ರಾಮಾಣಿಕವಾಗಿ ಹೇಳಿದ ಮಾತು. ಆದರೆ ‘ಮದ್ದಿಲ್ಲ’ ಮತ್ತು ‘ದೊಡ್ಡ ಡಾಕ್ಟರು’ ಎಂಬ ಎರಡು ಶಬ್ದ ಮಾತ್ರ ನಮ್ಮ ಕಿವಿಗೆ ಬಿದ್ದವು. ಸೊಲ್ಲಾಪುರದ ಬಸ್ಸಿನಲ್ಲಿ ಮಹಾದೇವಿ ನನ್ನ ಹಳದಿ ಕೈಯನ್ನು ತನ್ನ ಎರಡೂ ಕೈಯೊಳಗೆ ಮುಚ್ಚಿಟ್ಟುಕೊಂಡು ಕೂತಳು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ಬಸ್ಸಿನಲ್ಲಿ ಅವಳು ನನ್ನ ಕೈ ಹಿಡಿದದ್ದು ಅದೇ ಮೊದಲು. ಸಾಯುವುದು ಅಷ್ಟೇನೂ ಕೆಟ್ಟದ್ದಲ್ಲ ಅನ್ನಿಸಿತು. ಮರುಕ್ಷಣ ಪಲ್ಲವಿಯ ನೆನಪಾಯಿತು.

“ಏನರ ಮಾತಾಡ್ರಿ,” ಎಂದಳು.

“ಅಂಗಡಿ ಕೀಲಿ ಗಾದಿ ಕೆಳಗ ಇರತದ,” ಎಂದೆ.

“ಅಂಥಾದ್ದು ಬ್ಯಾಡ!” ಎಂದು ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಮರುದಿನ ಮುಂಜಾನೆ ದವಾಖಾನೆಗೆ ಹೋದೆವು. ರಕ್ತ ಕೊಟ್ಟು, ವರದಿ ಬರುವವರೆಗೆ ಬೆಂಚಿನ ಮೇಲೆ ಕೂತೆವು. ಒಳಗೆ ಕರೆದ ಡಾಕ್ಟರು ಕಲಬುರಗಿ ಕಡೆಯ ಹೆಣ್ಣುಮಗಳು. ವರದಿ ನೋಡಿದರು, ಕಣ್ಣು ನೋಡಿದರು, ಅಂಗೈ ನೋಡಿದರು.

“ಲಿವರ್ ಚಲೋ ಅದ. ದಿನಾ ಏನ್ ತಿಂತೀರಿ?”

ನಾನು ಎದೆ ಉಬ್ಬಿಸಿ ಹೇಳಿದೆ. ಐದು ವಾರದಿಂದ ಖಾರ ಮುಟ್ಟಿಲ್ಲ, ಎಣ್ಣೆ ಮುಟ್ಟಿಲ್ಲ, ಗಜ್ಜರಿ, ಪಪ್ಪಾಯಿ, ಕುಂಬಳಕಾಯಿ ಮಾತ್ರ. ಡಾಕ್ಟರರ ಪೆನ್ನು ನಿಂತಿತು.

“ಗಜ್ಜರಿ ದಿನಕ್ಕ ಎಷ್ಟು?”

“ಐದಾರು ಅಷ್ಟ ರೀ. ಒಂದು ಲೋಟ ರಸ, ಒಂದಿಷ್ಟು ಕೋಸಂಬರಿ.”

“ಅಷ್ಟಕ್ಕ ಇಷ್ಟು ಹಳದಿ ಆಗಬಾರದಲ್ಲ,” ಎಂದು ಅವರು ಹುಬ್ಬು ಗಂಟಿಕ್ಕಿದರು.

ಮಹಾದೇವಿ ಕೆಮ್ಮಿದಳು. “ಐದಾರಲ್ರಿ ಮೇಡಂ. ಹನ್ನೆರಡು.”

ನಾನು ಅವಳ ಕಡೆ ತಿರುಗಿದೆ.

“ನನಗ ಹಸಿ ಗಜ್ಜರಿ ವಾಸನಿ ಆಗಿ ಬರಂಗಿಲ್ರಿ,” ಎಂದಳು ನೆಲ ನೋಡುತ್ತ. “ಇವರು ಅಷ್ಟು ಪ್ರೀತಿಲೆ ಮಾಡಿ ಕೊಡ್ತಿದ್ರು. ಚೆಲ್ಲಾಕ ಮನಸ ಬರಲಿಲ್ಲ. ಇವರು ಜಳಕಕ್ಕ ಹೋದಾಗ ನನ್ನ ಲೋಟದಾಗಿಂದು ಒಯ್ದು ರೊಟ್ಟಿ ಹಿಟ್ಟಿನ್ಯಾಗ ಕಲಸತಿದ್ದೆ. ಉಳದಿದ್ದು ಬ್ಯಾಳ್ಯಾಗ ಹಾಕತಿದ್ದೆ. ಉಪ್ಪಿಟ್ಟಿನ್ಯಾಗೂ. ಪಲ್ಲವಿಗೆ, ನನಗ ಬ್ಯಾರೆ ಮಾಡ್ಕೋತಿದ್ದೆ.”

ಹೊಸ ಜೋಳ! ಶುದ್ಧವಾದ ನಾಲಿಗೆ!

ಡಾಕ್ಟರು ನಗು ತಡೆಯಲು ವರದಿಯನ್ನು ಮುಖಕ್ಕೆ ಅಡ್ಡ ಹಿಡಿದರು. ಆಮೇಲೆ ಸಮಾಧಾನದಿಂದ ಬಿಡಿಸಿ ಹೇಳಿದರು. ಗಜ್ಜರಿ, ಪಪ್ಪಾಯಿ, ಕುಂಬಳ ಮೂರರಲ್ಲೂ ಒಂದೇ ಬಗೆಯ ಬಣ್ಣದ ಸತ್ವವಿದೆ. ಅತಿಯಾಗಿ ತಿಂದರೆ ಅದು ಅಂಗೈ, ಅಂಗಾಲು, ಮೂಗಿನ ಚರ್ಮದಲ್ಲಿ ಹೋಗಿ ಕೂರುತ್ತದೆ. ಕಾಮಣಿಯಾದರೆ ಕಣ್ಣೂ ಹಳದಿಯಾಗುತ್ತದೆ, ಇದರಲ್ಲಿ ಆಗುವುದಿಲ್ಲ. ಅಪಾಯವೇನಿಲ್ಲ, ಬಿಟ್ಟರೆ ತಾನೇ ಹೋಗುತ್ತದೆ.

“ಚರ್ಮಕ್ಕ ಊಟ ಬೇಕ್ರಿ, ಸುಳ್ಳಲ್ಲ. ಆದ್ರ ಎಲ್ಲಾ ಬೇಕು. ರೊಟ್ಟಿ, ಬ್ಯಾಳಿ, ಸೊಪ್ಪು, ಮಸರು, ಹಣ್ಣು, ನೀರು, ಹಿಂಡಿನೂ ಸ್ವಲ್ಪ. ಒಂದ ಪದಾರ್ಥಕ್ಕ ಬೆನ್ನು ಹತ್ತಿದ್ರ ಹಿಂಗಾಗತದ. ಅಲ್ಲಾ, ಇಷ್ಟು ಗಜ್ಜರಿ ಯಾಕ ತಿಂದ್ರಿ?”

ಮಹಾದೇವಿಯೇ ತನ್ನ ಕೆನ್ನೆ ಮುಟ್ಟಿ ತೋರಿಸಿದಳು. “ಇದರ ಸಲುವಾಗಿ.”

ಡಾಕ್ಟರು ದೀಪ ಹತ್ತಿರ ಎಳೆದು ಅವಳ ಮುಖ ನೋಡಿದರು. “ಬಂಗು ಊಟದಿಂದ ಬಂದದ್ದೂ ಅಲ್ಲ, ಬರೇ ಊಟದಿಂದ ಹೋಗೋದೂ ಅಲ್ರಿ. ಕೆಲವ್ರಿಗೆ ಮೈಯೊಳಗಿನ ಏರುಪೇರಿನಿಂದ ಬರತದ. ಬಿಸಲು ಅದನ್ನ ಇನ್ನಷ್ಟು ಕಪ್ಪು ಮಾಡತದ. ಬಿಸಲಾಗ ಭಾಳ ಕೆಲಸ ಮಾಡ್ತೀರೇನು? ಹೊಲ ಅದ ಏನು?”

“ಹೊಲ ಇಲ್ರಿ. ಬ್ಯಾಸಿಗ್ಯಾಗ ಮನಿ ಗಚ್ಚಿ ಮ್ಯಾಲ ಇರತೀನಿ. ಹಪ್ಪಳ, ಸಂಡಿಗಿ, ಶಾವಿಗಿ ಒಣಸೋದು. ಮುಂಜಾನಿ ಹಾಕಿ ಸಂಜಿತನ ಕಾಯ್ಕೋತ ಕೂಡೋದು. ಎರಡು ತಿಂಗಳು.”

“ಎರಡು ತಿಂಗಳು? ಮೂರು ಮಂದಿಗೆ ಅಷ್ಟು ಹಪ್ಪಳ ಯಾಕ್ರಿ?”

ಮಹಾದೇವಿ ನನ್ನ ಕಡೆ ನೋಡಲಿಲ್ಲ. ಡಾಕ್ಟರು ನೋಡಿದರು. ಅಂಗಡಿಯ ಹಪ್ಪಳ ನನಗೆ ಸೇರುವುದಿಲ್ಲ. ಮದುವೆಯಾದ ಮೊದಲ ವರ್ಷವೇ ಹಾಗೆಂದು ಹೇಳಿಬಿಟ್ಟಿದ್ದೆ. ದಿನಾ ಎರಡು ಹೊತ್ತು ಊಟಕ್ಕೆ ಎರಡೆರಡು ಹಪ್ಪಳ ಬೇಕು ನನಗೆ. ಇಪ್ಪತ್ತನಾಲ್ಕು ಬೇಸಿಗೆ!

ಆ ಕೋಣೆಯಲ್ಲಿ ನನಗೆ ಹಳದಿಯ ಜೊತೆ ಬೇರೆ ಬಣ್ಣವೂ ಬಂದಿರಬೇಕು. ಡಾಕ್ಟರು ಬಿಸಿಲಿಗೆ ಹಚ್ಚುವ ಒಂದು ಮುಲಾಮು, ರಾತ್ರಿ ಹಚ್ಚುವ ಇನ್ನೊಂದು ಬರೆದುಕೊಟ್ಟರು. ತಲೆಯ ಮೇಲೆ ಅಗಲ ಟೊಪ್ಪಿಗೆ, ನಡು ಮಧ್ಯಾಹ್ನ ನೆರಳು, ತಿಂಗಳುಗಟ್ಟಲೆ ತಾಳ್ಮೆ. ಪೂರ್ತಿ ಹೋಗುತ್ತದೆಂದು ಭರವಸೆ ಕೊಡಲಿಲ್ಲ.

ಹೊರಗೆ ಬಂದು ದವಾಖಾನೆಯ ಎದುರಿನ ಚಹಾದಂಗಡಿಯಲ್ಲಿ ಕೂತೆವು. ನಾನು ಕೊನೆಗೂ ಬಾಯಿಬಿಟ್ಟೆ.

“ಆವತ್ತು ಫೋಟೊ ನೋಡಿ ಅಂದದ್ದು ತಪ್ಪಾತು. ನಾ ಕನ್ನಡಕ ಹಾಕಿರಲಿಲ್ಲ.”

“ಮುದುಕಿ ಅಂದದ್ದಕ್ಕ ಸಿಟ್ಟು ಬಂದಿರಲಿಲ್ರಿ,” ಎಂದಳು. ಬಸಿಯಲ್ಲಿ ಚಹಾ ಸುರಿದು ಆರಿಸಿದಳು. “ಗುರ್ತ ಹತ್ತಲಾರದಷ್ಟು ದಿನ ಆತಲ್ಲ ಇವರು ನನ್ನ ನೋಡಿ, ಅನ್ನಿಸ್ತು. ಅದಕ್ಕ ಸಂಕಟ ಆಗಿತ್ತು.”

ನಾನು ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡೆ.

“ಮತ್ತ ಈ ಐದು ವಾರ? ಬಂಗು ಕಡಿಮಿ ಆಗಿಲ್ಲಂತ ನಿನಗ ಗೊತ್ತಿತ್ತು. ರಸ ಬ್ಯಾಡ ಅಂತ ಒಮ್ಮೆರ ಅನ್ನಬಾರದೇನು?”

“ಅಂದಿದ್ರ ನೀವು ನಿಂದ್ರಸ್ತಿದ್ರಿ.” ಅವಳು ಬಸಿಯನ್ನು ಕೆಳಗಿಟ್ಟಳು. “ದಿನಾ ಮುಂಜಾನಿ ಕಿಟಕಿ ಕಡಿ ನಿಲ್ಲಿಸಿ ಮಾರಿ ನೋಡ್ತಿದ್ರಿ. ಲಗ್ನ ಆದ ಹೊಸದಾಗೂ ಅಷ್ಟು ನೋಡಿರಲಿಲ್ಲ. ಹೆಂಗ ಬ್ಯಾಡ ಅನ್ಲಿ?”

ಚಹಾದಂಗಡಿಯಲ್ಲಿ ಕಡಾಯಿಯಿಂದ ಮೆಣಸಿನಕಾಯಿ ಭಜಿ ಎತ್ತುತ್ತಿದ್ದರು. ಕಣ್ಣಲ್ಲಿ ನೀರು ಬಂದರೆ ಅದರ ಘಾಟಿಗೆ ಬಂತೆಂದು ಹೇಳಬಹುದಿತ್ತು. ಒಂದು ತಾಟು ತರಿಸಿದೆ. ಮೊದಲ ಭಜಿ ಅವಳಿಗೆ ಕೊಟ್ಟೆ. ಉಳಿದದ್ದೆಲ್ಲ ನಾನೇ ತಿಂದೆ.

ಹಳದಿ ಇಳಿಯಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಬೇಸಿಗೆ ಬಂತು. ಈ ವರ್ಷ ಗಚ್ಚಿಯ ಮೇಲೆ ಮಹಾದೇವಿ ಕಾಲಿಡಕೂಡದು, ಹಪ್ಪಳದ ಸಂಪೂರ್ಣ ಜವಾಬ್ದಾರಿ ನನ್ನದು ಎಂದು ಹೊಸ ಘೋಷಣೆ ಹೊರಡಿಸಿದೆ. “ನಿಮಗ ಬರಂಗಿಲ್ಲ,” ಎಂದಳು. ಹಿಟ್ಟಿಗೆ ಉಪ್ಪು ನಾನೇ ಹಾಕಿದೆ. ಹಾಕಿದ್ದು ಮರೆತು ಇನ್ನೊಮ್ಮೆಯೂ ಹಾಕಿದೆ. ಲಟ್ಟಿಸಿದ ಹಪ್ಪಳಗಳಲ್ಲಿ ಒಂದೂ ದುಂಡಗಾಗಲಿಲ್ಲ. ಒಂದು ನೋಡಿ ಪಲ್ಲವಿ, “ಪಪ್ಪಾ, ಮಹಾರಾಷ್ಟ್ರದ ನಕಾಶಾ!” ಎಂದಳು. ಗಚ್ಚಿಯ ಮೇಲೆ ಸೀರೆ ಹಾಸಿ, ಹಪ್ಪಳ ಹರಡಿ, ಟೊಪ್ಪಿಗೆ ಹಾಕಿಕೊಂಡು, ಬಡಿಗೆ ಹಿಡಿದು ಕಾವಲು ಕೂತೆ. ಹತ್ತು ಗಂಟೆಗೆ ತಲೆ ಸುತ್ತಿತು. ಹನ್ನೊಂದಕ್ಕೆ ನೀರಿನ ಟಾಕಿಯ ನೆರಳಿಗೆ ಸರಿದೆ. ಹನ್ನೆರಡಕ್ಕೆ ನಿದ್ದೆ ಹೋದೆ.

ಎಚ್ಚರವಾದಾಗ ಕಾಗೆಗಳು ಬಂದು ಹೋಗಿದ್ದವು. ಪ್ರತಿ ಸಾಲಿನಲ್ಲೂ ಒಂದೊಂದು ಹಪ್ಪಳ ಕುಕ್ಕಿ ರುಚಿ ನೋಡಿ, ಉಳಿದದ್ದನ್ನು ಹಾಗೆಯೇ ಬಿಟ್ಟು ಹೋಗಿದ್ದವು. ಕಾಗೆಗೂ ಬೇಡವಾದ ಹಪ್ಪಳ!

ಮೆಟ್ಟಿಲಿನ ನೆರಳಲ್ಲಿ ನಿಂತ ಮಹಾದೇವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಂಜೆ ನಾನು ಬಜಾರಿಗೆ ಹೋಗಿ ಹಪ್ಪಳದ ಎರಡು ಕಟ್ಟು ಕೊಂಡು ತಂದೆ. ಅವಳು ನಾಲ್ಕು ಸುಟ್ಟು, ಮೇಲೆ ಎಣ್ಣೆ ಸವರಿ ತಾಟಿಗೆ ಹಾಕಿದಳು. ನಾನು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡೆ. ಎರಡನೆಯದನ್ನೂ ತಿಂದೆ. ಅವಳು ಎದುರು ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು.

“ಹೆಂಗದಾವ?”

ಸುಳ್ಳು ಹೇಳಲು ಆಗಲಿಲ್ಲ. ಹಪ್ಪಳ ಚೆನ್ನಾಗಿಯೇ ಇತ್ತು. ನಾನು ಅಂಗಡಿಯ ಹಪ್ಪಳವನ್ನು ಬಾಯಿಗಿಟ್ಟದ್ದು ಹುಟ್ಟಿದ ಮೇಲೆ ಅದೇ ಮೊದಲು!